ಎಳೆಕೂಸಿನ ಎದೆ ಕೊಯ್ಯುವಾಗ ನೋವಿನ ಮದ್ದು ಕೊಡದಿದ್ದ ಕಾಲ

ನಮಸ್ಕಾರ. ಇವತ್ತಿನ ವಿಷಯ ಕೇಳಲು ಸ್ವಲ್ಪ ಕಷ್ಟವೇ. ಮನೆಯಲ್ಲಿ ಪುಟ್ಟ ಮಗು ಇರುವವರಿಗೆ ಇನ್ನೂ ಜಾಸ್ತಿ ಕಷ್ಟ. ಆದರೆ ಇಂದು ನಮ್ಮ ಮಕ್ಕಳು ಹೃದಯದ ಆಪರೇಷನ್ ಮಾಡಿಸಿಕೊಂಡು ಆರಾಮಾಗಿ ಮನೆಗೆ ಬರುತ್ತಾರಲ್ಲ, ಅದರ ಹಿಂದೆ ಈ ಕತೆ ಇದೆ. ಅದಕ್ಕೇ ಹೇಳಬೇಕು ಅನಿಸಿತು.

1980ರ ದಶಕದ ಮಧ್ಯದವರೆಗೂ ಅಮೆರಿಕ, ಇಂಗ್ಲೆಂಡಿನ ಎಷ್ಟೋ ದೊಡ್ಡ ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ಎದೆ ಕೊಯ್ದು ಆಪರೇಷನ್ ಮಾಡುವಾಗ ಸರಿಯಾದ ನೋವಿನ ಮದ್ದು ಕೊಡುತ್ತಿರಲಿಲ್ಲ. ಯಾರೋ ಮರೆತದ್ದಲ್ಲ. ಅದೇ ಅಂದಿನ ಪದ್ಧತಿ.

[ತೆರೆಯ ಮೇಲೆ: ಹೃದಯದ ರೇಖಾಚಿತ್ರ. ಅಡ್ಡನಾಳ ಕೆಂಪು ಬಣ್ಣದಲ್ಲಿ]

ಮೊದಲು ಆ ಆಪರೇಷನ್ ಏನು ಅಂತ ನೋಡೋಣ. ಹೊಟ್ಟೆಯಲ್ಲಿರುವಾಗ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಆಕ್ಸಿಜನ್ ತಾಯಿಯ ಮಾಸಿನ ಮೂಲಕ ಬರುತ್ತದೆ. ಹಾಗಾಗಿ ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದಲ್ಲಿ ಹೆಚ್ಚಿನ ಪಾಲು ಒಂದು ಪುಟ್ಟ ಅಡ್ಡನಾಳದ ಮೂಲಕ ನೇರ ಮಹಾಧಮನಿಗೆ ಸೇರುತ್ತದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಈ ನಾಳ ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ದಿನ ತುಂಬದೆ ಹುಟ್ಟಿದವರಲ್ಲಿ ಎಷ್ಟೋ ಸಲ ಮುಚ್ಚುವುದಿಲ್ಲ. ಡಾಕ್ಟರುಗಳು ಇದನ್ನು ಪಿಡಿಎ ಅನ್ನುತ್ತಾರೆ. ಆಗ ರಕ್ತ ಹಿಂದಕ್ಕೆ ಶ್ವಾಸಕೋಶಕ್ಕೆ ನುಗ್ಗುತ್ತದೆ, ಉಸಿರಾಟ ಕಷ್ಟವಾಗುತ್ತದೆ, ಹೃದಯ ಸುಸ್ತಾಗುತ್ತದೆ.

ಈಗ ಔಷಧಿಯಿಂದ ಮುಚ್ಚಿಸಲು ನೋಡುತ್ತಾರೆ. ಕಾಲಿನ ರಕ್ತನಾಳದಿಂದ ತೂರಿಸಿ ಮುಚ್ಚುವ ಸಾಧನಗಳೂ ಇವೆ. ಆದರೆ ಆಪರೇಷನ್ ಅಂದರೆ ಹೀಗೆ: ಎದೆಯ ಎಡಗಡೆ ಪಕ್ಕೆಲುಬುಗಳ ನಡುವೆ ಕೊಯ್ಯಬೇಕು. ಪಕ್ಕೆಲುಬುಗಳನ್ನು ಅಗಲಿಸಬೇಕು. ಶ್ವಾಸಕೋಶವನ್ನು ಪಕ್ಕಕ್ಕೆ ಸರಿಸಿ ಆ ನಾಳಕ್ಕೆ ದಾರ ಕಟ್ಟಬೇಕು, ಇಲ್ಲವೇ ಕ್ಲಿಪ್ ಹಾಕಬೇಕು. ಇದೆಲ್ಲ ಒಂದು ಕಿಲೋ ಆಸುಪಾಸಿನ ಕೂಸಿಗೆ.

ಆಗ ಕೊಡುತ್ತಿದ್ದದ್ದು ಏನು? ಹೆಚ್ಚಾಗಿ ನೈಟ್ರಸ್ ಆಕ್ಸೈಡ್ ಅನ್ನುವ, ಅಷ್ಟೇನೂ ಬಲವಿಲ್ಲದ ಅರಿವಳಿಕೆ ಅನಿಲ, ಜೊತೆಗೆ ಸ್ನಾಯುಗಳನ್ನು ಸಡಿಲಿಸುವ ಕ್ಯುರಾರೆ ಥರದ ಮದ್ದು. ಕೆಲವು ಕಡೆ ಈ ಎರಡನೆಯದು ಮಾತ್ರ. ಇಲ್ಲಿ ಸ್ವಲ್ಪ ಗಮನ ಕೊಡಿ. ಸ್ನಾಯು ಸಡಿಲಿಸುವ ಮದ್ದು ನೋವು ಕಡಿಮೆ ಮಾಡುವುದಿಲ್ಲ. ನಿದ್ದೆಯನ್ನೂ ತರುವುದಿಲ್ಲ. ಕೈಕಾಲು ಆಡದ ಹಾಗೆ, ಉಸಿರೂ ತಾನಾಗಿ ಎಳೆಯದ ಹಾಗೆ ಮಾಡುತ್ತದೆ, ಅಷ್ಟೇ. ಮಗು ಅಲುಗಾಡುವುದಿಲ್ಲ, ಅಳುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎಲ್ಲ ಸರಿಯಾಗಿದೆ ಅನಿಸುತ್ತದೆ.

[ತೆರೆಯ ಮೇಲೆ: "ಹೀಗೆ ಯಾಕೆ ಮಾಡುತ್ತಿದ್ದರು?"]

ಆ ಡಾಕ್ಟರುಗಳು ಕಟುಕರಾಗಿರಲಿಲ್ಲ. ಅವರಿಗೆ ಒಂದು ನಿಜವಾದ ಭಯ ಇತ್ತು. ಬಲವಾದ ಅರಿವಳಿಕೆ ಕೊಟ್ಟರೆ ಇಷ್ಟು ಚಿಕ್ಕ ಮಗುವಿನ ಬಿಪಿ ಇಳಿದುಹೋಗಬಹುದು, ಮಗು ಕೈಬಿಟ್ಟು ಹೋಗಬಹುದು ಅಂತ. ಆ ಭಯದ ಬೆನ್ನಿಗೆ ಒಂದು ನಂಬಿಕೆಯೂ ಇತ್ತು: ಎಳೆಕೂಸಿಗೆ ನೋವು ಗೊತ್ತಾಗುವುದಿಲ್ಲ, ಗೊತ್ತಾದರೂ ನೆನಪಿರುವುದಿಲ್ಲ. 1941ರಲ್ಲಿ ಅಮೆರಿಕದ ಮನೋವಿಜ್ಞಾನಿ ಮರ್ಟಲ್ ಮೆಕ್‌ಗ್ರಾ ಮಕ್ಕಳಿಗೆ ಪಿನ್ನು ಚುಚ್ಚಿ ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಅಂತ ದಾಖಲಿಸಿದ್ದರು. ಹೊಸದಾಗಿ ಹುಟ್ಟಿದವರ ಮಿದುಳಿನ ಮೇಲ್ಪದರ ಇನ್ನೂ ಕೆಲಸಕ್ಕೆ ಬಂದಿಲ್ಲ ಅನ್ನುವುದು ಆಗಿನ ಗ್ರಹಿಕೆ. ನರಗಳ ಮೇಲೆ ಮೈಲಿನ್ ಅನ್ನುವ ಹೊದಿಕೆ ಪೂರ್ತಿ ಬಂದಿರುವುದಿಲ್ಲ, ಹಾಗಾಗಿ ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ ಅನ್ನುವ ಮಾತೂ ಇತ್ತು.

ಈ ಮೈಲಿನ್ ವಾದ ಸರಿಯೇ ಅಲ್ಲ. ದೊಡ್ಡವರಾದ ನಮ್ಮ ಮೈಯಲ್ಲೂ ಮಂದವಾದ, ಉರಿಯುವ ಥರದ ನೋವನ್ನು ಒಯ್ಯುವ ಸಣ್ಣ ನರಗಳಿಗೆ ಆ ಹೊದಿಕೆ ಇಲ್ಲ. ಹೊದಿಕೆ ಇಲ್ಲದಿದ್ದರೆ ಸುದ್ದಿ ನಿಧಾನವಾಗಿ ಹೋಗುತ್ತದೆ, ನಿಂತುಹೋಗುವುದಿಲ್ಲ. ಅದೂ ಅಲ್ಲದೆ ಕೂಸಿನ ಮೈಯಲ್ಲಿ ಹೋಗಬೇಕಾದ ದೂರವೇ ಎಷ್ಟು ಕಡಿಮೆ, ಅಲ್ವಾ?

1985ರಲ್ಲಿ ವಾಷಿಂಗ್ಟನ್‌ನಲ್ಲಿ ದಿನ ತುಂಬದೆ ಹುಟ್ಟಿದ ಒಂದು ಗಂಡುಮಗುವಿಗೆ ಇದೇ ಪಿಡಿಎ ಆಪರೇಷನ್ ಆಯಿತು. ಕೆಲವು ವಾರಗಳ ನಂತರ ಮಗು ತೀರಿಕೊಂಡಿತು. ತಾಯಿ ಆಮೇಲೆ ಆಸ್ಪತ್ರೆಯ ದಾಖಲೆ ಓದಿದಾಗ ಗೊತ್ತಾಯಿತು: ಕೊಟ್ಟದ್ದು ಸ್ನಾಯು ಸಡಿಲಿಸುವ ಮದ್ದು ಮಾತ್ರ, ನೋವಿಗೆ ಏನೂ ಇಲ್ಲ. ಆಕೆ ಸುಮ್ಮನೆ ಕೂರಲಿಲ್ಲ. ಪತ್ರ ಬರೆದರು, ಪ್ರಶ್ನೆ ಕೇಳಿದರು. 1986ರಲ್ಲಿ ಸುದ್ದಿ ಪತ್ರಿಕೆಗಳಿಗೆ ಬಂತು. ಓದಿದ ತಂದೆತಾಯಿಯರೆಲ್ಲ ತಮ್ಮ ಮಗುವಿಗೆ ಏನು ಕೊಟ್ಟಿದ್ದರು ಅಂತ ಯೋಚಿಸುವ ಹಾಗಾಯಿತು.

[ತೆರೆಯ ಮೇಲೆ: ಆಕ್ಸ್‌ಫರ್ಡ್, 1980ರ ದಶಕ]

ಅದೇ ಸಮಯದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಒಬ್ಬ ಯುವ ಡಾಕ್ಟರ್ ಇದರ ಬಗ್ಗೆಯೇ ಕೆಲಸ ಮಾಡುತ್ತಿದ್ದರು. ಹೆಸರು ಕನ್ವಲ್‌ಜೀತ್ ಆನಂದ್. ನಮ್ಮ ಇಂದೋರ್‌ನ ಮೆಡಿಕಲ್ ಕಾಲೇಜಿನಲ್ಲಿ ಓದಿ, ರೋಡ್ಸ್ ಸ್ಕಾಲರ್‌ಷಿಪ್ ಪಡೆದು ಹೋದವರು. ಜಾನ್ ರ್‍ಯಾಡ್‌ಕ್ಲಿಫ್ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ಅವರು ಒಂದು ವಿಷಯ ಗಮನಿಸಿದರು. ಥಿಯೇಟರಿಗೆ ಹೋಗುವಾಗ ಸ್ವಲ್ಪ ಚೆನ್ನಾಗಿದ್ದ ಕೂಸು, ವಾಪಸ್ ಬರುವಾಗ ತೀರಾ ಬಿಳಿಚಿಕೊಂಡು, ಸೊರಗಿ ಬರುತ್ತಿತ್ತು. ಸರ್ಜನ್ ಕೆಲಸ ಸರಿಯಾಗಿಯೇ ಆಗಿರುತ್ತಿತ್ತು. ಮತ್ತೆ ಮಗುವಿಗೆ ಏನಾಗುತ್ತಿದೆ?

ಮಗು ಬಾಯಿಬಿಟ್ಟು ಹೇಳಲಾರದು. ಮದ್ದಿನಿಂದಾಗಿ ಅಳಲೂ ಆಗದು. ಹಾಗಾದರೆ ರಕ್ತವನ್ನೇ ಕೇಳೋಣ ಅಂತ ಅವರು ಹೊರಟರು. ಮೈಗೆ ಪೆಟ್ಟಾದಾಗ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಥರದ ಹಾರ್ಮೋನುಗಳು ಏರುತ್ತವೆ. ರಕ್ತದ ಸಕ್ಕರೆ ಏರುತ್ತದೆ. ಮೈ ತನ್ನದೇ ಪ್ರೊಟೀನನ್ನು ಕರಗಿಸಿಕೊಳ್ಳತೊಡಗುತ್ತದೆ. ದೊಡ್ಡವರು ಇದನ್ನು ತಡೆದುಕೊಳ್ಳುತ್ತಾರೆ, ಕೂಸಿನಲ್ಲಿ ಕರಗಿಸಲು ಇರುವುದೇ ಸ್ವಲ್ಪ.

ಆದರೆ ಅಳೆಯುವುದು ಸುಲಭ ಇರಲಿಲ್ಲ. ಒಂದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ 80ರಿಂದ 90 ಮಿಲಿಲೀಟರ್, ನಮ್ಮ ಹೋಟೆಲಿನ ಅರ್ಧ ಲೋಟ ಕಾಫಿಯಷ್ಟು. ಅದರಲ್ಲಿ ಪರೀಕ್ಷೆಗೆಂದು ಎಷ್ಟು ತೆಗೆಯಬಹುದು? ಕೆಲವು ಹನಿ. ಆ ಹನಿಗಳಲ್ಲೇ ಅಷ್ಟೂ ಹಾರ್ಮೋನುಗಳ ಲೆಕ್ಕ ಸಿಗಬೇಕು.

1987ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪಿಡಿಎ ಆಪರೇಷನ್ ಆಗಬೇಕಿದ್ದ, ದಿನ ತುಂಬದ 16 ಕೂಸುಗಳು. ಎಲ್ಲರಿಗೂ ಅಂದಿನ ವಾಡಿಕೆಯ ನೈಟ್ರಸ್ ಆಕ್ಸೈಡ್ ಮತ್ತು ಕ್ಯುರಾರೆ. 8 ಮಕ್ಕಳಿಗೆ ಅದರ ಜೊತೆ ಫೆಂಟನಿಲ್ ಅನ್ನುವ ಬಲವಾದ ನೋವಿನ ಮದ್ದು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನುವುದನ್ನು ಡಾಕ್ಟರುಗಳು ತಾವೇ ಆರಿಸಲಿಲ್ಲ, ಚೀಟಿ ಎತ್ತುವ ಕ್ರಮಕ್ಕೆ ಬಿಟ್ಟರು. ಫೆಂಟನಿಲ್ ಸಿಗದ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಬಹಳ ಜಾಸ್ತಿ ಏರಿದ್ದವು. ಆಪರೇಷನ್ ಆದ ಮೇಲೆ ರಕ್ತ ಸಂಚಾರದ ತೊಂದರೆಗಳೂ ಅವರಲ್ಲೇ ಹೆಚ್ಚು. ಮದ್ದು ಕೊಟ್ಟರೆ ಅಪಾಯ ಅಂತ ಹೆದರಿದ್ದರು. ಮದ್ದು ಸಿಕ್ಕ ಮಕ್ಕಳೇ ಚೆನ್ನಾಗಿ ಚೇತರಿಸಿಕೊಂಡರು.

ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಉಳಿದ 8 ಕೂಸುಗಳಿಗೆ ಯಾಕೆ ಕೊಡಲಿಲ್ಲ ಅಂತ. ಆ ಪ್ರಶ್ನೆ ಬರಬೇಕಾದದ್ದೇ. ನನ್ನ ಉತ್ತರ ಇಷ್ಟು: ಆ 8 ಮಕ್ಕಳಿಗೆ ಸಿಕ್ಕದ್ದು ಆಗ ಸಾವಿರಾರು ಮಕ್ಕಳಿಗೆ ದಿನವೂ ಸಿಗುತ್ತಿದ್ದ ಅರಿವಳಿಕೆಯೇ. ಹೋಲಿಸಿ ನೋಡದಿದ್ದರೆ ಆ ಪದ್ಧತಿ ಇನ್ನೆಷ್ಟು ವರ್ಷ ನಡೆಯುತ್ತಿತ್ತೋ. ಅದೇ 1987ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕು, ವಯಸ್ಸು ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ತಪ್ಪಿಸಬಾರದು ಅಂತ ಹೇಳಿತು.

[ತೆರೆಯ ಮೇಲೆ: ಬಾಸ್ಟನ್, 1992]

ಆನಂದ್ ಆಮೇಲೆ ಬಾಸ್ಟನ್‌ಗೆ ಹೋದರು. ಅಲ್ಲಿ ಅನಸ್ತೇಷಿಯಾ ಡಾಕ್ಟರ್ ಪಾಲ್ ಹಿಕಿ ಅವರ ಜೊತೆ ಇನ್ನೂ ದೊಡ್ಡ ಹೃದಯದ ಆಪರೇಷನ್ ಆಗುವ 45 ನವಜಾತ ಶಿಶುಗಳ ಅಧ್ಯಯನ ಮಾಡಿದರು. 30 ಮಕ್ಕಳಿಗೆ ಸುಫೆಂಟನಿಲ್ ಅನ್ನುವ ಬಲವಾದ ನೋವಿನ ಮದ್ದನ್ನು ಜಾಸ್ತಿ ಪ್ರಮಾಣದಲ್ಲಿ ಕೊಟ್ಟರು. 15 ಮಕ್ಕಳಿಗೆ ಹ್ಯಾಲೊಥೇನ್ ಅನಿಲ ಮತ್ತು ಮಾರ್ಫಿನ್. 15ರಲ್ಲಿ 4 ಮಕ್ಕಳು ತೀರಿಕೊಂಡರು. 30ರಲ್ಲಿ ಒಂದೂ ಇಲ್ಲ.

ಈ ಸಂಖ್ಯೆಗಳನ್ನು ನೋಡಿ "ನೋವೇ ಕೊಂದಿತು" ಅಂತ ಹೇಳುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಅಧ್ಯಯನ ಚಿಕ್ಕದು. ಹ್ಯಾಲೊಥೇನ್‌ಗೆ ಹೃದಯದ ಬಡಿತದ ಬಲವನ್ನೇ ಕುಗ್ಗಿಸುವ ಗುಣ ಇದೆ. ಆದರೆ ಇಷ್ಟಂತೂ ನಿಜ: ನೋವಿನ ಮದ್ದು ಮಗುವನ್ನು ಸಮಾಧಾನ ಮಾಡಲು ಸುಮ್ನೆ ಕೊಡುವಂಥದ್ದಲ್ಲ, ಅದು ಚಿಕಿತ್ಸೆಯ ಭಾಗ ಅಂತ ಹೃದಯದ ವಾರ್ಡುಗಳು ಒಪ್ಪಿಕೊಂಡಿದ್ದು ಇಂಥ ಅಧ್ಯಯನಗಳಿಂದಲೇ.

"ಮಗುವಿಗೆ ನೆನಪಿರುವುದಿಲ್ಲ" ಅನ್ನುವ ಮಾತಿಗೂ ಉತ್ತರ ಸಿಕ್ಕಿತು. 1997ರಲ್ಲಿ ಕೆನಡಾದ ಸಂಶೋಧಕರು, ಹುಟ್ಟಿದ ಹೊಸದರಲ್ಲಿ ಮದ್ದಿಲ್ಲದೆ ಸುನ್ನತಿ ಆದ ಗಂಡುಮಕ್ಕಳನ್ನು 4ರಿಂದ 6 ತಿಂಗಳ ಲಸಿಕೆಯ ಹೊತ್ತಿಗೆ ಗಮನಿಸಿದರು. ಆ ಮಕ್ಕಳು ಸೂಜಿಗೆ ಉಳಿದವರಿಗಿಂತ ಜಾಸ್ತಿ ಅತ್ತರು. ಸುನ್ನತಿಯ ಹೊತ್ತಿಗೆ ಮರಗಟ್ಟಿಸುವ ಕ್ರೀಮ್ ಹಚ್ಚಿದ್ದ ಮಕ್ಕಳಲ್ಲಿ ಅದು ಕಡಿಮೆ ಇತ್ತು. ಮನಸ್ಸಿಗೆ ನೆನಪಿಲ್ಲದಿದ್ದರೂ ಮೈಗೆ ನೆನಪಿರುತ್ತದೆ.

ಹಾಗಾದರೆ ಎಲ್ಲ ಮಕ್ಕಳಿಗೂ ಧಾರಾಳವಾಗಿ ಮಾರ್ಫಿನ್ ಕೊಟ್ಟುಬಿಡೋಣವೇ? ಈ ಭಾಗ ನನಗೆ ತುಂಬಾ ಇಷ್ಟ, ಯಾಕೆಂದರೆ ಆನಂದ್ ಮತ್ತು ಅವರ ಜೊತೆಗಾರರು ತಮ್ಮ ಕಡೆಯ ವಾದವನ್ನೇ ಪರೀಕ್ಷೆಗೆ ಒಡ್ಡಿದರು. ವೆಂಟಿಲೇಟರ್ ಮೇಲಿದ್ದ, ದಿನ ತುಂಬದ 898 ಮಕ್ಕಳ ಮೇಲೆ ನಡೆದ ನಿಯೋಪೇನ್ ಅಧ್ಯಯನ ಅದು. 2004ರಲ್ಲಿ ಹೊರಬಂತು. ಮಾರ್ಫಿನ್ ಡ್ರಿಪ್ ಹಾಕಿದರೆ ಮಿದುಳಿನ ರಕ್ತಸ್ರಾವ, ಸಾವು ಕಡಿಮೆಯಾಗಬಹುದು ಅನ್ನುವ ನಿರೀಕ್ಷೆ ಇತ್ತು. ಆಗಲಿಲ್ಲ. ಬಿಪಿ ಇಳಿಯುವುದು ಮಾತ್ರ ಜಾಸ್ತಿಯಾಯಿತು. ಅದನ್ನೂ ಮುಚ್ಚಿಡದೆ ಬರೆದರು. ಆಪರೇಷನ್ನಿನ ನೋವಿಗೆ ಬೇಕಾದ ಮದ್ದು, ವೆಂಟಿಲೇಟರ್ ಮೇಲಿರುವ ಪ್ರತಿ ಮಗುವಿಗೂ ದಿನಗಟ್ಟಲೆ ಬೇಕು ಅಂತೇನಿಲ್ಲ.

ಮಾರ್ಫಿನ್ ಕಡಿಮೆ ಮಾಡುವ ದಾರಿಯನ್ನೂ ಹುಡುಕುತ್ತಿದ್ದಾರೆ. 2013ರಲ್ಲಿ ನೆದರ್ಲೆಂಡ್ಸಿನ ರೋಟರ್‌ಡ್ಯಾಮ್‌ನಲ್ಲಿ, ದೊಡ್ಡ ಆಪರೇಷನ್ ಆದ, ಒಂದು ವರ್ಷದೊಳಗಿನ 71 ಮಕ್ಕಳ ಅಧ್ಯಯನ ಆಯಿತು. ಹೃದಯದ ಆಪರೇಷನ್ ಆದವರು ಇದರಲ್ಲಿ ಇರಲಿಲ್ಲ. ನಮ್ಮ ಮನೆಗಳಲ್ಲಿ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ರಕ್ತನಾಳಕ್ಕೆ ಕೊಟ್ಟಾಗ, ಮೊದಲ 48 ಗಂಟೆಯಲ್ಲಿ ಬೇಕಾದ ಮಾರ್ಫಿನ್ 66% ಕಡಿಮೆಯಾಯಿತು.

[ತೆರೆಯ ಮೇಲೆ: "ಅರಿವಳಿಕೆಯಿಂದ ಮಿದುಳಿಗೆ ತೊಂದರೆಯೇ?"]

ತಂದೆತಾಯಿ ಎಲ್ಲರಿಗಿಂತ ಜಾಸ್ತಿ ಹೆದರುವುದು ಇದಕ್ಕೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಆತಂಕ ಹುಟ್ಟಿದ್ದು ನಿಜ. ಅದಕ್ಕೇ 7 ದೇಶಗಳಲ್ಲಿ 722 ಶಿಶುಗಳ ಮೇಲೆ ಗ್ಯಾಸ್ ಅನ್ನುವ ಹೆಸರಿನ ಅಧ್ಯಯನ ನಡೆಯಿತು. ಹರ್ನಿಯಾ ಆಪರೇಷನ್ನಿಗೆ ಬಂದ ಮಕ್ಕಳಲ್ಲಿ ಕೆಲವರಿಗೆ ಪೂರ್ತಿ ಅರಿವಳಿಕೆ, ಉಳಿದವರಿಗೆ ಬೆನ್ನಿಗೆ ಇಂಜೆಕ್ಷನ್. 5 ವರ್ಷ ತುಂಬುವವರೆಗೂ ಕಾದು ನೋಡಿದರು. 2019ರ ಫಲಿತಾಂಶದ ಪ್ರಕಾರ, ಒಂದು ಗಂಟೆಗಿಂತ ಕಡಿಮೆ ಅರಿವಳಿಕೆ ಪಡೆದವರ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೃದಯದ ಆಪರೇಷನ್ನುಗಳು ಇದಕ್ಕಿಂತ ಬಹಳ ಹೊತ್ತು ನಡೆಯುತ್ತವೆ, ಕೆಲವು ಮಕ್ಕಳಿಗೆ ಎರಡು ಮೂರು ಸಲ ಆಗಬೇಕಾಗುತ್ತದೆ. ಅದರ ಸಂಶೋಧನೆ ಇನ್ನೂ ನಡೆಯುತ್ತಿದೆ. ಆದರೆ ಹೃದಯದ ತೊಂದರೆಯನ್ನು ಹಾಗೇ ಬಿಡುವುದರಿಂದಲೂ ಮಿದುಳಿಗೆ ಪೆಟ್ಟು ಬೀಳುತ್ತದೆ ಅನ್ನುವುದನ್ನು ಮರೆಯಬೇಡಿ. ಅರಿವಳಿಕೆಯ ಹೆದರಿಕೆಯಿಂದ ಆಪರೇಷನ್ ಮುಂದೂಡಬೇಡಿ. ಡಾಕ್ಟರ್ ಹತ್ತಿರ ಕೂತು ಮಾತಾಡಿ.

ಬೆಂಗಳೂರಿನ ಜಯದೇವ, ನಾರಾಯಣ ಹೃದಯಾಲಯದಂಥ ಆಸ್ಪತ್ರೆಗಳಿಗೆ ದೂರದ ಊರುಗಳಿಂದ ಮಗುವನ್ನು ಎತ್ತಿಕೊಂಡು ಬರುವ ತಂದೆತಾಯಿಯರು ಸರ್ಜನ್ ಹತ್ತಿರ ನೂರು ಪ್ರಶ್ನೆ ಕೇಳುತ್ತಾರೆ. ಅನಸ್ತೇಷಿಯಾ ಡಾಕ್ಟರ್ ಹತ್ತಿರ ಒಂದೂ ಕೇಳುವುದಿಲ್ಲ. ಕೇಳಿ. ಆಪರೇಷನ್ ಆದ ಮೇಲೆ ನೋವಿಗೆ ಏನು ಕೊಡುತ್ತೀರಿ, ನೋವು ಇದೆಯಾ ಅಂತ ಹೇಗೆ ಅಳೆಯುತ್ತೀರಿ, ಮದ್ದನ್ನು ಹೇಗೆ ನಿಲ್ಲಿಸುತ್ತೀರಿ ಅಂತ.

[ತೆರೆಯ ಮೇಲೆ: ಐದು ಸಾಲಿನ ಪಟ್ಟಿ]

ಅಳೆಯುವುದಕ್ಕೆ ಫ್ಲಾಕ್ ಅನ್ನುವ ಒಂದು ವಿಧಾನ ಇದೆ. ನರ್ಸ್ ಐದು ವಿಷಯ ನೋಡುತ್ತಾರೆ: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಕಾಲು ಸಡಿಲವಾಗಿದ್ದರೆ 0, ಬಿಗಿದುಕೊಂಡಿದ್ದರೆ 1, ಒದೆಯುತ್ತಿದ್ದರೆ ಅಥವಾ ಹೊಟ್ಟೆಗೆ ಎಳೆದುಕೊಂಡಿದ್ದರೆ 2. ಎತ್ತಿಕೊಂಡು ತಟ್ಟಿದರೆ ಸುಮ್ಮನಾಗುತ್ತದೆ ಅಂದರೆ ಸಮಾಧಾನಕ್ಕೆ 1, ಏನು ಮಾಡಿದರೂ ಆಗದಿದ್ದರೆ 2. ಒಟ್ಟು 10. ಇಲ್ಲಿ ಅಮ್ಮನ ಕಣ್ಣು ತುಂಬಾ ಕೆಲಸಕ್ಕೆ ಬರುತ್ತದೆ. ಹಸಿವಿನ ಅಳು ಯಾವುದು, ನೋವಿನ ಅಳು ಯಾವುದು ಅಂತ ನಿಮಗೆ ಗೊತ್ತಿರುತ್ತದೆ. ಅದನ್ನು ನರ್ಸ್‌ಗೆ ಹೇಳಿ, ಸಂಕೋಚ ಬೇಡ.

ಮದ್ದಿನಿಂದ ಅಲುಗಾಡಲಾಗದೆ ಮಲಗಿರುವ ಮಗುವಿಗೆ ಈ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಅಂಥವರ ನೋವನ್ನು ಮಿದುಳಿನಿಂದಲೇ ಓದಬಹುದಾ ಅಂತ ನೋಡುತ್ತಿದ್ದಾರೆ. 2015ರಲ್ಲಿ ಆಕ್ಸ್‌ಫರ್ಡ್‌ನಲ್ಲೇ ರೆಬೆಕಾ ಸ್ಲೇಟರ್ ಅವರ ತಂಡ, ಹುಟ್ಟಿ ವಾರವೂ ಆಗಿರದ ಆರೋಗ್ಯವಂತ ಮಕ್ಕಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಪಾದಕ್ಕೆ ಮೆಲ್ಲಗೆ ಚುಚ್ಚಿ ನೋಡಿತು. ನಿದ್ದೆ ಕೆಡುವಷ್ಟೂ ಜೋರಿಲ್ಲದ ಚುಚ್ಚು. ದೊಡ್ಡವರಲ್ಲಿ ನೋವಿಗೆ ಎಚ್ಚರಗೊಳ್ಳುವ ಮಿದುಳಿನ 20 ಭಾಗಗಳಲ್ಲಿ 18 ಭಾಗ ಆ ಮಕ್ಕಳಲ್ಲೂ ಎಚ್ಚರಗೊಂಡವು.

ಆಪರೇಷನ್ ದೂರದ ಮಾತಾಯಿತು, ಲಸಿಕೆ ಎಲ್ಲ ಮಕ್ಕಳಿಗೂ ಇದೆ. ಸೂಜಿ ಚುಚ್ಚುವ ಮೊದಲೇ ಮಗುವನ್ನು ಮಡಿಲಲ್ಲಿಟ್ಟುಕೊಂಡು ಎದೆಹಾಲು ಕುಡಿಸಲು ಶುರುಮಾಡಿ, ಚುಚ್ಚುವಾಗಲೂ ನಿಲ್ಲಿಸಬೇಡಿ. ನೋವು ಕಡಿಮೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2015ರಲ್ಲಿ ಇದನ್ನೇ ಹೇಳಿದೆ. ನಿಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಮಗುವನ್ನು ಟೇಬಲ್ ಮೇಲೆ ಮಲಗಿಸಿ ಅಂದರೆ, "ಮೇಡಂ, ನನ್ನ ಮಡಿಲಲ್ಲೇ ಕೊಡಿ" ಅಂತ ಕೇಳಿ.