ಕರಿಗೆ ಎರಡು ಕಡಂಬುಟ್ಟು

ನಮಸ್ಕಾರ. ಶುಗರ್ ಇರೋರು ಬೆಳಗ್ಗೆ ಏನು ತಿನ್ನಬೇಕು ಅಂತ ಕೇಳಿದ್ರೆ ಒಬ್ಬರು ಓಟ್ಸ್ ಅಂತಾರೆ, ಇನ್ನೊಬ್ಬರು ಸಿರಿಧಾನ್ಯ ಅಂತಾರೆ. ಅಷ್ಟರಲ್ಲಿ ಕೊಡಗಿನ ಅಡುಗೆಮನೆಯಲ್ಲಿ ಕಡಂಬುಟ್ಟು, ಅಂದ್ರೆ ಹಬೆಯಲ್ಲಿ ಬೇಯಿಸೋ ಅಕ್ಕಿ ತರಿ ಉಂಡೆ, ಬೆಂದಾಗಿರುತ್ತೆ. ಹಾಗಾಗಿ ಮಾತು ಆ ಹಬೆ ಪಾತ್ರೆಯಿಂದಲೇ ಶುರುವಾಗಲಿ.

ಕಾಲು ಕೆಜಿ ಅಕ್ಕಿ ತರಿ ತಗೊಳ್ಳಿ. ಅದರಲ್ಲಿ ಕಾರ್ಬೋಹೈಡ್ರೇಟ್ (ಕಾರ್ಬ್), ಅಂದ್ರೆ ರಕ್ತದಲ್ಲಿ ಸಕ್ಕರೆಯಾಗೋ ಪಿಷ್ಟ, ಸುಮಾರು 195 ಗ್ರಾಂ. ನೀರು ಎಷ್ಟೇ ಹಾಕಿ, ಎಷ್ಟೇ ಹೊತ್ತು ಬೇಯಿಸಿ, ಆ 195 ಎಲ್ಲೂ ಹೋಗಲ್ಲ. 15 ಉಂಡೆ ಕಟ್ಟಿದ್ರೆ ಒಂದಕ್ಕೆ 13 ಗ್ರಾಂ. ನಾಲ್ಕು ತಿಂದ್ರೆ 52. ಪಕ್ಕದಲ್ಲಿ ಬೆಲ್ಲದ ಕಾಫಿ. ಲೋಟಕ್ಕೆ 10 ಗ್ರಾಂ ಬೆಲ್ಲ ಬಿದ್ದಿದ್ರೆ ಹೆಚ್ಚುಕಡಿಮೆ ಅಷ್ಟೂ ಸಕ್ಕರೆಯೇ. ಎಂಟು ಗಂಟೆಗೆ ಮುಂಚೆ ಕಾರ್ಬ್ 60 ಗ್ರಾಂ ದಾಟಿತು. 'ಬೆಲ್ಲ ಅಲ್ವಾ, ಏನೂ ಆಗಲ್ಲ' ಅನ್ನೋ ಸಮಾಧಾನ ನಾಲಿಗೆಗೆ ಮಾತ್ರ. ರಕ್ತಕ್ಕೆ ಬೆಲ್ಲ, ಸಕ್ಕರೆ, ನಮ್ಮ ಕೊಡಗಿನ ಜೇನು ಎಲ್ಲಾ ಒಂದೇ ಮನೆಯವರು.

ಹೊತ್ತೂ ನಮ್ಮ ಕಡೆಗಿಲ್ಲ. ಬೆಳಗಿನ ಜಾವ ಕಾರ್ಟಿಸಾಲ್ ಮತ್ತಿತರ ಹಾರ್ಮೋನ್‌ಗಳು ಏರ್ತವೆ, ಲಿವರ್ ತನ್ನಲ್ಲಿರೋ ಗ್ಲೂಕೋಸ್ ಹೊರಗೆ ಬಿಡುತ್ತೆ, ಇನ್ಸುಲಿನ್ ಮಾತು ದೇಹ ಅಷ್ಟು ಕೇಳಲ್ಲ. ಎಷ್ಟೋ ಜನರಿಗೆ ಮಧ್ಯಾಹ್ನ ಅಷ್ಟೊಂದು ಏರದ ಅದೇ ನಾಲ್ಕು ಉಂಡೆ ಬೆಳಗ್ಗೆ ಜಾಸ್ತಿ ಏರಿಸೋದು ಇದಕ್ಕೇ.

ಕೊಡಗಿನ ಊಟದಲ್ಲಿ ಕರಿಗೆ ಬರಗಾಲ ಇಲ್ಲ, ಆದ್ರೆ ಅದು ಬರೋದು ಮಧ್ಯಾಹ್ನ, ಇಲ್ಲಾ ನೆಂಟರು ಬಂದಾಗ. ವಾರದ ದಿನ ಬೆಳಗ್ಗೆ ಮೂರು ಒತ್ತಿ (ಅಕ್ಕಿ ರೊಟ್ಟಿ), ಒಂದು ಚಮಚ ಪಜ್ಜಿ (ಚಟ್ನಿ), ಕಾಫಿ. ನಾನು ಅಕ್ಕಿ ಬಿಡಿ ಅನ್ನಲ್ಲ. ತಟ್ಟೆಯ ಯಜಮಾನಿಕೆ ಬದಲಾಯಿಸಿ ಅಂತೀನಿ. ಇಲ್ಲಿವರೆಗೆ ಪುಟ್ಟಿಗೆ ಕರಿ ನೆಂಚಿಕೊಂಡಿದ್ದು ಸಾಕು, ಇನ್ಮೇಲೆ ಕರಿಗೆ ಪುಟ್ಟು ನೆಂಚಿಕೊಳ್ಳಿ.

ಹೇಗೆ? ಮೊದಲು ಒಂದು ಬಟ್ಟಲು ಬೀನ್ಸ್ ಪಲ್ಯವೋ ಅಣಬೆ ಕರಿಯೋ, ಕಾಲದಲ್ಲಿ ಸಿಕ್ಕಿದ್ರೆ ಬೈಂಬಳೆಯೋ (ಎಳೆ ಬಿದಿರು, ಕಳಲೆ). ಕೆಂಬು (ಕೆಸು) ಗೆಡ್ಡೆ, ಹಲಸಿನ ಬೀಜ ಈ ಲೆಕ್ಕಕ್ಕೆ ತರಕಾರಿ ಅಲ್ಲ, ಅವೂ ಪಿಷ್ಟವೇ. ಜೊತೆಗೆ ಎರಡು ಮೊಟ್ಟೆ: 12 ಗ್ರಾಂ ಪ್ರೋಟೀನ್, ಕಾರ್ಬ್ ಒಂದು ಗ್ರಾಂ ಆಸುಪಾಸು. ಇವನ್ನ ತಿಂದು ಮುಗಿಸಿದ ಮೇಲೆ ಎರಡು ಕಡಂಬುಟ್ಟು. ಈ ಅನುಕ್ರಮ ಮುಖ್ಯ. ನಾರು, ಪ್ರೋಟೀನ್ ಮುಂಚೆ ಹೊಟ್ಟೆ ಸೇರಿದ್ರೆ ಹಿಂದೆ ಬರೋ ಪಿಷ್ಟ ನಿಧಾನವಾಗಿ ಕರುಳಿಗೆ ಇಳಿಯುತ್ತೆ, ಏರಿಕೆ ತಗ್ಗುತ್ತೆ. ಮೊಟ್ಟೆ ತಿನ್ನದವರು 40 ಗ್ರಾಂ ಹೆಸರುಕಾಳು ಬೇಯಿಸಿಕೊಳ್ಳಿ. ಆದ್ರೆ ಕಾಳಲ್ಲೇ 25 ಗ್ರಾಂ ಹತ್ತಿರ ಕಾರ್ಬ್ ಇದೆ, ಸ್ವಲ್ಪ ನಾರು ಅನ್ನೋದು ನಿಜ. ಅವತ್ತು ಪುಟ್ಟು ಒಂದೇ. ಕಿಡ್ನಿ ತೊಂದರೆ ಇದ್ರೆ ಪ್ರೋಟೀನ್ ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಲಿ.

ನೂಲ್‌ಪುಟ್ಟು, ಅಂದ್ರೆ ಅಕ್ಕಿ ಶಾವಿಗೆ, ಅದರ ಬಗ್ಗೆ ಹುಷಾರು. ನುಣ್ಣಗಿನ ಹಿಟ್ಟು, ತೆಳು ಎಳೆ, ಬೇಗ ಜೀರ್ಣ. ನೋಡೋಕೆ ಹಗುರ, ಕೈ ನಿಲ್ಲೋದೇ ಇಲ್ಲ. ಒತ್ತಿಗೆ ಬೇರೆ ವಾದ ಇದೆ: ನಿನ್ನೆಯ ಅನ್ನ ಕಲಸಿದ್ದು, ತಣ್ಣಗಾದ ಅನ್ನದ ಪಿಷ್ಟ ಅಷ್ಟು ಬೇಗ ಕರಗಲ್ಲ ಅಂತ. ಅರ್ಧ ಸತ್ಯ. ಆ ಲಾಭ ಚಿಕ್ಕದು, ಜೊತೆಗೆ ಕಲಸೋ ಹಿಟ್ಟು ದೊಡ್ಡದು. ರಾಗಿಗೆ ಹೋದ್ರೂ 100 ಗ್ರಾಂ ಹಿಟ್ಟಲ್ಲಿ 70 ಗ್ರಾಂ ಹತ್ತಿರ ಕಾರ್ಬ್ ಇರುತ್ತೆ. ಗಂಜಿ ಮಾಡಿ ಕುಡಿದ್ರಂತೂ ಅಗಿಯೋ ಕೆಲಸವೂ ಉಳಿಯಲ್ಲ.

'ಒಂದೇ ಒಂದು ಇನ್ನೂ ಹಾಕ್ಕೊಳ್ಳಿ' ಅನ್ನೋ ಒತ್ತಾಯಕ್ಕೆ ಊಟದ ಮೇಜಿನಲ್ಲಿ ಉತ್ತರ ಇಲ್ಲ. ಬಿಸಿ ಒತ್ತಿ ಕಾವಲಿಯಿಂದ ನೇರ ತಟ್ಟೆಗೆ ಬೀಳ್ತಿರುವಾಗ ಬೇಡ ಅನ್ನೋ ಗಂಡಾಳು ಕಮ್ಮಿ. ತಡೆಯಬೇಕಾದ್ದು ಹಿಟ್ಟು ಕಲಸುವಾಗ. ತಲೆಗೆ ಎರಡರಂತೆ ಎಣಿಸಿ ಕಲಸಿ, ಮೂರನೆಯದು ಹುಟ್ಟೋದೇ ಬೇಡ. ಹತ್ತು ಗಂಟೆಗೆ ಮತ್ತೆ ಹಸಿವಾದ್ರೆ ಪ್ರೋಟೀನ್ ಸಾಲಲಿಲ್ಲ ಅಂತ ತಿಳ್ಕೊಳ್ಳಿ. ಒಂದು ಹಿಡಿ ಕಡಲೆಕಾಯಿ ಬೀಜ, ಸಿಹಿ ಇಲ್ಲದ ಕಪ್ಪು ಕಾಫಿ.

ಇಷ್ಟಾದ ಮೇಲೆ ಶುಗರ್ ಮೀಟರ್. ತಿನ್ನೋ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ. ಎರಡನೇ ನಂಬರ್ ಸಾಮಾನ್ಯವಾಗಿ 180ರ (mg/dL) ಒಳಗಿರಬೇಕು. ಎರಡರ ನಡುವೆ 50ಕ್ಕಿಂತ ಜಾಸ್ತಿ ಅಂತರ ಬಂದ್ರೆ ನಾಳೆ ಒಂದು ಉಂಡೆ ಕಳೆಯಿರಿ. ಪಂದಿ ಕರಿ (ಹಂದಿ ಮಾಂಸ) ಇದ್ದ ದಿನ ಎರಡು ಗಂಟೆಯ ನಂಬರ್ ನಂಬಬೇಡಿ. ಕೊಬ್ಬು ಹೊಟ್ಟೆ ಖಾಲಿಯಾಗೋದನ್ನ ತಡ ಮಾಡುತ್ತೆ, ಏರಿಕೆ ತಿಂದು ಮೂರು-ನಾಲ್ಕು ಗಂಟೆ ಆದ ಮೇಲೆ ಬರಬಹುದು. ಕಿತ್ತಳೆ ಸುಲಿದ ಕೈಯಲ್ಲಿ ಚುಚ್ಚಿದ್ರೆ ಸುಳ್ಳು ನಂಬರ್ ಬರುತ್ತೆ. ಬಿಸಿನೀರಲ್ಲಿ ತೊಳೆದು ಒರೆಸಿ, ಚಳಿಗೆ ಮರಗಟ್ಟಿದ ಬೆರಳಿಗೂ ರಕ್ತ ಇಳಿಯುತ್ತೆ. ಜೂನ್‌ನಿಂದ ಶುರುವಾಗೋ ಮಡಿಕೇರಿ ಮಳೆಯಲ್ಲಿ ಮೀಟರ್‌ನ ಸ್ಟ್ರಿಪ್ ಡಬ್ಬಿ ತೆರೆದಿಟ್ಟರೆ ತೇವಕ್ಕೆ ಸ್ಟ್ರಿಪ್ ಕೆಡುತ್ತೆ. ಒಂದು ತೆಗೀರಿ, ತಕ್ಷಣ ಮುಚ್ಚಳ ಒತ್ತಿ. ತಿಂದ ಮೇಲಿನ ಹದಿನೈದು ನಿಮಿಷದ ನಡಿಗೆಗೆ ಮಳೆಯ ನೆಪ ಬೇಡ, ಜಗಲಿ ಉದ್ದಕ್ಕೂ ಹೋಗಿ ಬನ್ನಿ.

ಕೊನೆಗೆ ಮಾತ್ರೆಯ ವಿಷಯ, ಇದರಲ್ಲಿ ತಮಾಷೆ ಇಲ್ಲ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳೋರು ಡೋಸ್ ಹಾಗೇ ಇಟ್ಟು ಕಾರ್ಬ್ ಒಮ್ಮೆಲೇ ಅರ್ಧ ಮಾಡಿದ್ರೆ ಶುಗರ್ ಬೀಳುತ್ತೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳೋರು ಅಕ್ಕಿ ಪೂರ್ತಿ ಬಿಟ್ಟರೆ ಮೀಟರ್ ಚೆನ್ನಾಗಿ ತೋರಿಸ್ತಿರುವಾಗಲೇ ರಕ್ತದಲ್ಲಿ ಕೀಟೋನ್ ಆಮ್ಲ ಏರೋ ಅಪಾಯ ಇದೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದ್ರೆ ಆಸ್ಪತ್ರೆಗೆ ನಡೀರಿ. ಅದಕ್ಕೇ ಪುಟ್ಟು ಕಳೆಯೋ ಮುಂಚೆ ಡಾಕ್ಟರ ಹತ್ತಿರ ಡೋಸ್ ಮಾತಾಡಿ. ಮೈ ನಡುಗಿ, ಬೆವರಿ, ಮೀಟರ್ 70ಕ್ಕಿಂತ ಕೆಳಗೆ ತೋರಿಸಿದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡೀರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಬೆಲ್ಲದ ಕಾಫಿ ಕಾಯಿಸಿ, ಊದಿಕೊಂಡು ಕುಡಿಯೋ ಹೊತ್ತಲ್ಲ ಅದು.