ಕ್ರೊಮಾಟಿನ್ ಪ್ರತಿಕಾಯ ಪಾಸಿಟಿವ್ ಬಂದರೆ

ಎಲ್ಲರಿಗೂ ನಮಸ್ಕಾರ. ರಕ್ತದ ವರದಿಯಲ್ಲಿ ‘ಕ್ರೊಮಾಟಿನ್ ಪ್ರತಿಕಾಯ ಪಾಸಿಟಿವ್’ ಎಂದು ಬಂದರೆ ಏನರ್ಥ ಎಂದು ನೋಡೋಣ. ಪ್ರತಿಕಾಯ ಎಂದರೆ ಆಂಟಿಬಾಡಿ, ರೋಗನಿರೋಧಕ ವ್ಯವಸ್ಥೆ ತಯಾರಿಸುವ, ಗುರಿಗೆ ಅಂಟಿಕೊಳ್ಳುವ ಪ್ರೋಟೀನ್. ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ವರದಿ ಕೈಯಲ್ಲಿ ಹಿಡಿದು ‘ನನಗೆ ಕ್ರೋಮಿಯಂ ಪಾಸಿಟಿವ್ ಬಂದಿದೆ’ ಎನ್ನುವವರಿದ್ದಾರೆ. ಕ್ರೋಮಿಯಂ ಒಂದು ಲೋಹ. ಲೋಹಕ್ಕೆ ಲೋಹ ಉಜ್ಜುವಂಥ ಕೃತಕ ಸೊಂಟದ ಕೀಲು ಹಾಕಿಸಿಕೊಂಡವರ ರಕ್ತದಲ್ಲಿ ಅದನ್ನು ಅಳೆಯುವುದುಂಟು. ಫಲಿತಾಂಶ ಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂದು ಬರುತ್ತದೆ, ಪ್ರತಿಕಾಯದ ಮಾತೇ ಇಲ್ಲ. ಕ್ರೋಮಿಯಂ ಅಲರ್ಜಿಯನ್ನು ನೋಡುವುದು ಚರ್ಮಕ್ಕೆ ಪಟ್ಟಿ ಅಂಟಿಸಿ. ಕ್ರೋಮಿಯಂ, ಕ್ರೊಮಾಟಿನ್ ಎರಡು ಹೆಸರೂ ‘ಬಣ್ಣ’ ಎನ್ನುವ ಗ್ರೀಕ್ ಪದದಿಂದ ಬಂದವು, ನಂಟು ಅಷ್ಟೇ.

ಕ್ರೊಮಾಟಿನ್ ನಮ್ಮ ಜೀವಕೋಶದ ಕೇಂದ್ರದಲ್ಲಿರುವ ಸರಕು. ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ದಾರದಂತೆ ಸುತ್ತಿಕೊಂಡಿರುತ್ತದೆ. ಒಂದು ಉಂಡೆಯಲ್ಲಿ 8 ಹಿಸ್ಟೋನ್, ಅದರ ಮೇಲೆ ಡಿಎನ್‌ಎಯ ಸುಮಾರು 147 ಜೋಡಿ ಅಕ್ಷರ. ಈ ಘಟಕವೇ ನ್ಯೂಕ್ಲಿಯೊಸೋಮ್. ಆದ್ದರಿಂದ ಕೆಲವು ಲ್ಯಾಬುಗಳು ಇದೇ ಪರೀಕ್ಷೆಯನ್ನು ‘ಆಂಟಿ ನ್ಯೂಕ್ಲಿಯೊಸೋಮ್’ ಎಂದು ಬರೆಯುತ್ತವೆ. ಬೇರೆ ಕಾಯಿಲೆಯೆಂದು ಗಾಬರಿಯಾಗಬೇಕಿಲ್ಲ.

ಕೋಶಗಳು ದಿನವೂ ಸಾಯುತ್ತವೆ, ಅವುಗಳ ಕಸ ಸದ್ದಿಲ್ಲದೆ ತೆರವಾಗುತ್ತದೆ. ತೆರವು ನಿಧಾನವಾದಾಗ ಕ್ರೊಮಾಟಿನ್ ಹೊರಗೆ ಉಳಿದು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ, ಅದು ಪ್ರತಿಕಾಯ ತಯಾರಿಸುತ್ತದೆ. ಹಿಸ್ಟೋನಿಗೆ ಧನ ವಿದ್ಯುದಂಶ, ಮೂತ್ರಪಿಂಡದ ಸೋಸುವ ಪೊರೆಗೆ ಋಣ. ಹೀಗಾಗಿ ಕ್ರೊಮಾಟಿನ್ ತುಣುಕು ಪೊರೆಗೆ ಅಂಟಬಲ್ಲದು, ಹಿಂದೆಯೇ ಪ್ರತಿಕಾಯವೂ ಬಂದು ಕೂರಬಹುದು, ಅಲ್ಲಿ ಉರಿಯೂತ ಶುರುವಾಗುತ್ತದೆ. ಈ ವರದಿ ಬಂದವರಿಗೆ ವೈದ್ಯರು ತಕ್ಷಣ ಮೂತ್ರ ಪರೀಕ್ಷೆ ಹೇಳುವುದು ಇದಕ್ಕೇ.

ಪಾಸಿಟಿವ್ ಎಂದರೆ ಮೊದಲು ನೆನಪಾಗುವುದು ರೋಗನಿರೋಧಕ ವ್ಯವಸ್ಥೆ ನಮ್ಮದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ ಲೂಪಸ್, ಅಂದರೆ ಎಸ್‌ಎಲ್‌ಇ. 1948ರಲ್ಲಿ ವರದಿಯಾದ ‘ಎಲ್‌ಇ ಕೋಶ’ ಪರೀಕ್ಷೆ ನಿಂತಿದ್ದದ್ದೂ ಇದೇ ಬಗೆಯ ಪ್ರತಿಕಾಯದ ಮೇಲೆ. ಆದರೂ ಒಂದು ವಿಚಿತ್ರ ನೋಡಿ: ಲೂಪಸ್ ವರ್ಗೀಕರಣದ 2019ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಎರಡೆಳೆ ಡಿಎನ್‌ಎ ಅಥವಾ ಸ್ಮಿತ್ (ಕೋಶಕೇಂದ್ರದ ಬೇರೆ ಪ್ರೋಟೀನುಗಳ) ಪ್ರತಿಕಾಯಕ್ಕೆ 6 ಅಂಕ ಇದೆ, ಕ್ರೊಮಾಟಿನ್ ಪ್ರತಿಕಾಯಕ್ಕೆ ಒಂದೂ ಇಲ್ಲ. ಇದು ದಾರಿ ತೋರುವ ಕೈಮರ, ಊರು ಅಲ್ಲ.

ಎರಡನೆಯದು ಔಷಧಿಯಿಂದ ಬರುವ ಲೂಪಸ್, ಬಹಳ ಸಲ ಕೇಳಲು ಮರೆತುಹೋಗುವ ಕಾರಣ. ಹೃದಯದ ಲಯಕ್ಕೆ ಕೊಡುವ ಪ್ರೊಕೈನಮೈಡ್, ರಕ್ತದೊತ್ತಡಕ್ಕೆ ಹೈಡ್ರಲಜೀನ್, ಕ್ಷಯಕ್ಕೆ ಐಸೋನಿಯಜಿಡ್, ಮೊಡವೆಗೆ ಮಿನೊಸೈಕ್ಲಿನ್, ಸಂಧಿವಾತದ ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಪ್ರೋಟೀನ್) ತಡೆ ಚುಚ್ಚುಮದ್ದು, ಇವೆಲ್ಲ ಆ ಪಟ್ಟಿಯಲ್ಲಿವೆ. ಪ್ರೊಕೈನಮೈಡ್, ಹೈಡ್ರಲಜೀನ್‌ಗಳಲ್ಲಿ ಸಾಮಾನ್ಯವಾಗಿ ಹಿಸ್ಟೋನ್, ಕ್ರೊಮಾಟಿನ್ ಪ್ರತಿಕಾಯ ಇರುತ್ತದೆ, ಎರಡೆಳೆ ಡಿಎನ್‌ಎ ನೆಗೆಟಿವ್. ವೈದ್ಯರು ಔಷಧಿ ನಿಲ್ಲಿಸಿದರೆ ಕೀಲುನೋವು, ಜ್ವರ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ. ಪ್ರತಿಕಾಯ ಮಾತ್ರ ಅದಕ್ಕಿಂತ ಬಹಳ ಕಾಲ ರಕ್ತದಲ್ಲಿ ಉಳಿಯಬಹುದು. ನೀವಾಗಿಯೇ ಮಾತ್ರೆ ಬಿಡಬೇಡಿ. ಸೇವಿಸುವ ಎಲ್ಲ ಔಷಧಿಗಳ ಹೆಸರು, ಪ್ರಮಾಣ, ಶುರುಮಾಡಿದ ತಿಂಗಳು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ.

ಸ್ವಯಂನಿರೋಧಕ ಯಕೃತ್ತಿನ ಉರಿಯೂತ, ಮಿಶ್ರ ಸಂಯೋಜಕ ಅಂಗಾಂಶ ಕಾಯಿಲೆಗಳಲ್ಲೂ ಇದು ಕಾಣುತ್ತದೆ. ಚರ್ಮ ಗಡಸಾಗುವ ಸ್ಕ್ಲೀರೊಡರ್ಮಾದ ವಿಷಯದಲ್ಲಿ ಒಂದು ತಾಂತ್ರಿಕ ಮೋಸವಿತ್ತು: ಹಳೆಯ ಎಲೈಸಾ (ಪ್ರತಿಕಾಯ ಅಳೆಯುವ ಒಂದು ಲ್ಯಾಬ್ ವಿಧಾನ) ಕಿಟ್‌ಗಳ ಕ್ರೊಮಾಟಿನ್‌ನಲ್ಲಿ ಎಸ್‌ಸಿಎಲ್-70 ಎಂಬ ಬೇರೆ ಪ್ರೋಟೀನ್ ಬೆರೆತಿರುತ್ತಿತ್ತು, ರೋಗಿಯ ಪ್ರತಿಕಾಯ ಅದಕ್ಕೆ ಅಂಟಿ ಸುಳ್ಳು ಪಾಸಿಟಿವ್ ಬರುತ್ತಿತ್ತು. ಹೊಸ ಕಿಟ್‌ಗಳಲ್ಲಿ ಅದನ್ನು ಶುದ್ಧಮಾಡುತ್ತಾರೆ.

ಇನ್ನು ಅಂಕಿ ಓದುವುದು. ಮಣಿ ಆಧಾರಿತ ಯಂತ್ರಗಳು ಸೂಚ್ಯಂಕ ಕೊಡುತ್ತವೆ. ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ 1.0ರಿಂದ ಮೇಲಿದ್ದರೆ ಪಾಸಿಟಿವ್. ಎಲೈಸಾದ ಯೂನಿಟ್ ಬೇರೆ. ಒಂದು ಲ್ಯಾಬಿನ 1.3ನ್ನು ಇನ್ನೊಂದರ 25ಕ್ಕೆ ಹೋಲಿಸಿ ಏರಿತು ಇಳಿಯಿತು ಎನ್ನುವಂತಿಲ್ಲ. ಗಡಿಗೆ ತಾಗಿದ 1.1ಕ್ಕೂ 7ಕ್ಕೂ ಒಂದೇ ತೂಕವಲ್ಲ. ಜೊತೆಗೆ ಗಾಜುಪಟ್ಟಿಯ ಮೇಲೆ ಎಎನ್‌ಎ (ಕೋಶಕೇಂದ್ರದ ವಿರುದ್ಧದ ಪ್ರತಿಕಾಯಗಳನ್ನು ಒಟ್ಟಾಗಿ ಹುಡುಕುವ ಪರೀಕ್ಷೆ) ಮಾಡಿಸಿದ್ದರೆ ಅದರ ವಿನ್ಯಾಸವನ್ನೂ ನೋಡಿ. ಕ್ರೊಮಾಟಿನ್ ಪ್ರತಿಕಾಯವಿದ್ದಾಗ ಕೋಶಕೇಂದ್ರ ಇಡಿಯಾಗಿ ಸಮನಾಗಿ ಹಸಿರು ಹೊಳೆಯುತ್ತದೆ, ವಿಭಜನೆಯಲ್ಲಿರುವ ಕೋಶದ ನಡುವೆ ವರ್ಣತಂತುಗಳ ಪಟ್ಟಿ ಇನ್ನೂ ಪ್ರಖರವಾಗಿ ಕಾಣುತ್ತದೆ. ವರದಿಯಲ್ಲಿ ‘ಹೋಮೊಜೀನಿಯಸ್’ ಅಂದರೆ ಇದೇ. ಚುಕ್ಕಿಚುಕ್ಕಿ ವಿನ್ಯಾಸ ಬಂದು, ಕ್ರೊಮಾಟಿನ್ ಅಂಕಿಯೂ ಗಡಿಯಲ್ಲಿದ್ದರೆ ಅದನ್ನು ಅನುಮಾನದಿಂದಲೇ ನೋಡಬೇಕು. ಎಎನ್‌ಎ 1:80 ಮಟ್ಟದಲ್ಲಿ, ಅಂದರೆ ಮಾದರಿಯನ್ನು 80 ಪಟ್ಟು ತೆಳುವಾಗಿಸಿ ನೋಡಿದಾಗ, ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು 13 ಮಂದಿಗೆ ಪಾಸಿಟಿವ್ ಬರುತ್ತದೆ ಎಂಬುದೂ ನೆನಪಿರಲಿ.

ಮುಂದಿನ ಹೆಜ್ಜೆ: ಪೂರ್ಣ ರಕ್ತಕಣ ಎಣಿಕೆ, ಕ್ರಿಯಾಟಿನಿನ್, ಯಕೃತ್ತಿನ ಪರೀಕ್ಷೆ, ಎರಡೆಳೆ ಡಿಎನ್‌ಎ, ಸ್ಮಿತ್ ಪ್ರತಿಕಾಯಗಳು, ಸಿ3, ಸಿ4 (ರೋಗನಿರೋಧಕ ವ್ಯವಸ್ಥೆಯ ಎರಡು ಪ್ರೋಟೀನುಗಳು). ಮೂತ್ರದಲ್ಲಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ. ಬೆಳಗಿನ ಮೊದಲ ಮೂತ್ರದ ನಡುಧಾರೆ ಹಿಡಿದರೆ ಒಳ್ಳೆಯದು, ಮುಟ್ಟಿನ ದಿನಗಳಲ್ಲಿ ಬೇಡ, ರಕ್ತ ಬೆರೆತು ದಾರಿ ತಪ್ಪಿಸುತ್ತದೆ. ದಿನಕ್ಕೆ 0.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರುತ್ತಿದ್ದರೆ ಮೂತ್ರಪಿಂಡದತ್ತ ಗಮನ ಹರಿಯಬೇಕು, ಕೆಲವರಿಗೆ ಮೂತ್ರಪಿಂಡದ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾಗುತ್ತದೆ.

ಲಕ್ಷಣವೇ ಇಲ್ಲದೆ ಇದೊಂದೇ ಪಾಸಿಟಿವ್ ಆಗಿ, ಉಳಿದದ್ದೆಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಡ, ಕಾದು ನೋಡಬೇಕು. ಲೂಪಸ್‌ನ ಪ್ರತಿಕಾಯಗಳು ರೋಗ ಗೊತ್ತಾಗುವ ಹಲವು ವರ್ಷ ಮೊದಲೇ ರಕ್ತದಲ್ಲಿ ಇರಬಹುದು, ಹಾಗಾಗಿ ಆರು ತಿಂಗಳಿಗೋ ವರ್ಷಕ್ಕೋ ಮೂತ್ರ, ರಕ್ತಕಣ ಎಣಿಕೆ ಮಾಡಿಸುವುದು ಸಾಕು. ಕ್ರೊಮಾಟಿನ್ ಪರೀಕ್ಷೆಯನ್ನೇ ಮತ್ತೆ ಮತ್ತೆ ಮಾಡಿಸಿ ಪ್ರಯೋಜನ ಕಡಿಮೆ. ಆದರೆ ಮೂತ್ರದಲ್ಲಿ ಆರದ ನೊರೆ, ಕಾಲು ಊತ, ಉಸಿರೆಳೆದರೆ ಎದೆಯಲ್ಲಿ ಚುಚ್ಚು, ಬಿಸಿಲಿಗೆ ಕೆನ್ನೆ ಕೆಂಪೇರುವುದು ಕಂಡರೆ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಹೋಗಿ ತೋರಿಸಿ.