ಚುಕ್ತಾ ಆದ ಮೇಲೆ ಬಂದ ಫೋನು

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಲೆಕ್ಕ ಮುಗಿದಾಗ ಒಂದು ಮಾತು ಆಡುತ್ತೇವೆ: ಚುಕ್ತಾ. ಹಾಗಂದ ಮೇಲೆ ನೀವು ನನಗೆ ಕೊಡೋದಿಲ್ಲ, ನಾನು ನಿಮಗೆ ಕೊಡೋದಿಲ್ಲ. ಚಹಾ ಕುಡಿದು ಎದ್ದು ಹೋಗುವುದಷ್ಟೇ. ಆದರೆ ಮೂರನೇ ದಿನ ಫೋನ್ ಬಂದು, "ಸರ್ರ, ಒಂದೀಟು ರೊಕ್ಕ ಬಾಕಿ ಉಳದೈತ್ರಿ" ಅಂದರೆ ಏನು ಮಾಡುವುದು?

ಗವಿಮಠದ ಜಾತ್ರೆ ಮುಗಿದ ಮರುವಾರ ಕೊಪ್ಪಳದಲ್ಲಿ ನಮ್ಮ ಮನೆ ಜಾಗದಲ್ಲಿ ಬೋರ್ ಹಾಕಿಸಿದೆವು. ಏಜೆಂಟ್ ಮೊದಲೇ ಬಂದು ದರ ಮಾತಾಡಿದ್ದ. 300 ಅಡಿವರೆಗೆ ಅಡಿಗೆ 95 ರೂಪಾಯಿ, ಅಲ್ಲಿಂದ 400 ಅಡಿವರೆಗೆ ಅಡಿಗೆ 105. ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪ್ ಬೇರೆ, ಅಡಿಗೆ 400. ಬೋರ್ ಹಾಕಿಸಿದವರಿಗೆ ಗೊತ್ತು, ಆಳ ಹೋದಂತೆ ದರವೂ ಏರುತ್ತದೆ. ಅದನ್ನು ಮೊದಲೇ ಕೇಳಿಟ್ಟುಕೊಳ್ಳದವರಿಗೆ ಕೊನೆಯಲ್ಲಿ ತಲೆ ತಿರುಗುತ್ತದೆ.

ರಾತ್ರಿ ಲಾರಿ ಬಂತು. ಬೆಳಗಾಗುವಷ್ಟರಲ್ಲಿ ಓಣಿಯೆಲ್ಲ ಬೂದು ಧೂಳು. ಆ ಗದ್ದಲದಲ್ಲಿ ನಾನು ಲೆಕ್ಕದ ಕಡೆ ನೋಡಲೇ ಇಲ್ಲ. ನೋಡಿದವಳು ನಮ್ಮ ಅವ್ವ. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು, ಸೆರಗು ಮೂಗಿಗೆ ಒತ್ತಿಕೊಂಡು ಕೂತಿದ್ದಳು. ಬೋರಿನ ಒಂದು ರಾಡ್ 20 ಅಡಿ. ಒಂದೊಂದು ರಾಡ್ ಪೂರ್ತಿ ಇಳಿದಾಗಲೂ ಅವ್ವ ಕಾಂಪೌಂಡ್ ಗೋಡೆಯ ಮೇಲೆ ಒಂದು ಹರಳು ಇಡುತ್ತಿದ್ದಳು. ಕೇಸಿಂಗ್ ಪೈಪ್ ಇಳಿದಾಗ ಮಾತ್ರ ಹರಳಿನ ಬದಲು ಹಂಚಿನ ಚೂರು. ಹೊಲದಲ್ಲಿ ಚೀಲ ಎಣಿಸಿದ ಕೈ ಅದು.

ಕೆಲಸ ಮುಗಿದಾಗ ಗೋಡೆ ಮೇಲೆ 19 ಹರಳು, 2 ಹಂಚಿನ ಚೂರು. ಅಂದರೆ 380 ಅಡಿ ಬೋರ್, 40 ಅಡಿ ಕೇಸಿಂಗ್. ಏಜೆಂಟ್ ತನ್ನ ಪುಸ್ತಕದಲ್ಲಿ ಬರೆದದ್ದೂ ಅಷ್ಟೇ. ಕೂಡಿಸಿದರೆ 52,900 ಆಯಿತು. ನಾನು ಸ್ವಲ್ಪ ಬಿಡಿ ಅಂದೆ, ಅವನು 400 ಬಿಟ್ಟ. 52,500 ಫೋನ್‌ಪೇ ಮಾಡಿದೆ. ಬಿಲ್ಲಿನ ಕೆಳಗೆ ಅವನೇ "ಚುಕ್ತಾ" ಅಂತ ಬರೆದು ಸಹಿ ಹಾಕಿಕೊಟ್ಟ. ಹುಡುಗರು ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದರು. ಅವರ ಕೈಗೆ 500 ಖುಷಿ ಕೊಟ್ಟೆ. ಅದು ಬಿಲ್ಲಿಗೆ ಸೇರಿದ್ದಲ್ಲ ಬಿಡಿ.

ಮೂರನೇ ದಿನ ಏಜೆಂಟನ ಫೋನ್. "ಕೇಸಿಂಗ್ 60 ಅಡಿ ಇಳದೈತ್ರಿ, ನಮ್ಮ ಹುಡುಗ 40 ಹೇಳ್ಯಾನ. ಎಂಟು ಸಾವಿರ ಹಾಕ್ರಿ."

ನಿಜ ಹೇಳುತ್ತೇನೆ, ನಾನು ಫೋನ್‌ಪೇ ತೆರೆದೇಬಿಟ್ಟಿದ್ದೆ. ನೀರು ಬಂದಿದೆ, ಜಗಳ ಯಾಕೆ ಅನ್ನಿಸಿತ್ತು. ಈ ಮುಲಾಜು ಇದೆಯಲ್ಲ, ಅದಕ್ಕೇ ನಾನು ಹಿಂದೊಮ್ಮೆ ಶಾಮಿಯಾನದವನಿಗೆ, ಇಲ್ಲದ ಎರಡು ಕುರ್ಚಿಯ ದುಡ್ಡು ಕೊಟ್ಟಿದ್ದೆ. ಬೀಗರು ಎದುರಿಗೇ ಕೂತಿದ್ದರು, ಏನು ಮಾಡಲಿ?

ಅವ್ವ ಮಾತ್ರ ಕೇಳಿದಳು, "ಲಾರಿಯಿಂದ ಮೂರು ಪೈಪ್ ಇಳಿಸಿದ್ರು. ಮೂರನೇದು ವಾಪಸ್ ಲಾರಿ ಮ್ಯಾಲೆ ಹೋತಲ್ಲ, ಅದನ್ನ ನಮ್ಮ ಬೋರಿನಾಗ ಯಾವಾಗ ಇಳಿಸಿದ್ರಂತ?" ಅದನ್ನೇ ನಾನು ಫೋನಿನಲ್ಲಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೋಡಿ ಹೇಳ್ತೀನ್ರಿ" ಅಂದ. ಮತ್ತೆ ಫೋನ್ ಬರಲಿಲ್ಲ.

ಹಾಗಂತ ಆಮೇಲೆ ಕೇಳಿದವರೆಲ್ಲ ಮೋಸಗಾರರು ಅಂತ ನಾನು ಹೇಳೋದಿಲ್ಲ. ಗಂಗಾವತಿಯಲ್ಲಿ ಒಂದು ಕಿರಾಣಿ ಅಂಗಡಿಯವರು ಚೀಟಿಯಲ್ಲಿ ಎಣ್ಣೆ ಡಬ್ಬಿ ಸೇರಿಸುವುದನ್ನೇ ಮರೆತಿದ್ದರು. ಮರುದಿನ ಸಂಕೋಚದಿಂದಲೇ ಕೇಳಿದರು. ಡಬ್ಬಿ ನಮ್ಮ ಅಡುಗೆಮನೆಯಲ್ಲೇ ಇತ್ತು, ಕೊಟ್ಟೆ. ಕೊಡಲೇಬೇಕಲ್ವಾ? ಸಾಮಾನು ಬಂದಿದ್ದು ನಿಜ, ಒಪ್ಪಿದ ದರವೂ ಅದೇ, ಕೂಡಿಸುವಾಗ ತಪ್ಪಿದೆ. ಅಂಥದ್ದು ಬಾಕಿಯೇ. ಆದರೆ "ಡೀಸೆಲ್ ಜಾಸ್ತಿ ಆಯ್ತು", "ಕಲ್ಲು ಗಟ್ಟಿ ಇತ್ತು" ಅಂತ ಕೆಲಸ ಮುಗಿದ ಮೇಲೆ ಹೊಸ ದರ ಹೇಳಿದರೆ? ಒಪ್ಪಂದ ಇಬ್ಬರದು. ಒಬ್ಬರೇ ಕೂತು ಅದನ್ನು ತಿದ್ದುವ ಹಾಗಿಲ್ಲ. ನಮ್ಮ ಕರಾರು ಕಾಯ್ದೆ 1872ರದು. ಬರಬೇಕಾದ್ದಕ್ಕಿಂತ ಕಡಿಮೆ ಹಣವನ್ನೇ ಪೂರ್ತಿ ಪಾವತಿ ಅಂತ ಒಪ್ಪಿ ತೆಗೆದುಕೊಂಡರೆ, ಉಳಿದದ್ದು ಬಿಟ್ಟ ಹಾಗೆ ಅಂತ ಅದರಲ್ಲೇ ಇದೆ. ಏಜೆಂಟ್ ಬಿಟ್ಟ ಆ 400 ರೂಪಾಯಿಯನ್ನೂ ಅವನು ಮತ್ತೆ ಕೇಳುವ ಹಾಗಿಲ್ಲ ಅಂತಾಯಿತು.

ಅದಕ್ಕೇ ಫೋನಿನಲ್ಲಿ "ಆಯ್ತು, ನೋಡೋಣ" ಅನ್ನಬೇಡಿ. ಆ ಮಾತನ್ನೇ ಒಪ್ಪಿಗೆ ಅಂತ ಹಿಡಿಯುತ್ತಾರೆ. ಯಾವುದರ ದುಡ್ಡು, ಎಷ್ಟು ಅಡಿ, ಯಾವ ದರ ಅಂತ ಬರೆದು ಕಳಿಸಿ ಅನ್ನಿ. ಸುಮ್ನೆ ಕೇಳಿ ನೋಡಿದವರು ಅಲ್ಲಿಗೇ ನಿಲ್ಲುತ್ತಾರೆ. ಫೋನ್‌ಪೇ ಮಾಡುವಾಗ ಕೆಳಗೆ ಬರೆಯಲು ಜಾಗ ಇರುತ್ತದೆ, ಅಲ್ಲಿ "ಬೋರ್ ಲೆಕ್ಕ ಪೂರ್ತಿ ಚುಕ್ತಾ" ಅಂತ ಹಾಕಿ. ಹತ್ತು ಸೆಕೆಂಡಿನ ಕೆಲಸ.

ಕೆಲವರು ಗಾಡಿಯ ಕೀಲಿಯನ್ನೋ ಸಾಮಾನನ್ನೋ ಹಿಡಿದಿಟ್ಟುಕೊಂಡು ಹೆಚ್ಚಿನ ಹಣ ವಸೂಲಿ ಮಾಡುತ್ತಾರೆ. ಹಾಗಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ದೂರನ್ನು 2 ವರ್ಷದೊಳಗೆ ಕೊಡಬೇಕು. ಮನೆಗೆ ಅಂತ ಮಾಡಿಸಿದ ಕೆಲಸಕ್ಕೆ ಇದು ಸರಿ. ವ್ಯಾಪಾರದ ವ್ಯವಹಾರಕ್ಕೆ ದಾರಿ ಬೇರೆ.

ಬಿಲ್ಲನ್ನು ಮಾತ್ರ ಜೋಪಾನ ಮಾಡಿ. ಮಾಡಿದ ಕೆಲಸದ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷದ ಗಡುವು ಇರುತ್ತದೆ. ಅಷ್ಟು ದಿನವಾದರೂ ಕಾಗದ ಮನೆಯಲ್ಲಿರಲಿ.

ಈ ಮೂರು ವರ್ಷದ ಮಾತನ್ನು ನಾನು ಮನೆಯಲ್ಲೂ ಹೇಳಿದ್ದೆ. ಮೊನ್ನೆ ಗೋಡೆಗೆ ಬಣ್ಣ ಹಚ್ಚುವ ಹುಡುಗ ಆ ಹರಳುಗಳನ್ನು ಗುಡಿಸಿ ಚೆಲ್ಲಲು ಹೋದ. ಅವ್ವ ಒಳಗಿನಿಂದಲೇ ಕೂಗಿದಳು, "ಏ ತಮ್ಮಾ, ಅವನ್ನ ಮುಟ್ಟಬ್ಯಾಡ. ಇನ್ನಾ ಮೂರು ವರ್ಷ ಆಗಿಲ್ಲ."

ನಮಸ್ಕಾರ.